ಅರಳುಸಂಡಿಗೆಯ ರಕ್ಷಣೆಗಾಗಿ ಸಂಪತ್ಕುಮಾರನ ಮೇಘದಂಡಯಾತ್ರೆ

ಕೇಳಿರಿ, ಕೇಳಿರಿ! ಕಾಫಿಲೋಟ ಹಿಡಿದವರು ಕೆಳಗಿಡಿರಿ, ಕಾಲು ಚಾಚಿದವರು ಮಡಚಿಕೊಳ್ಳಿರಿ, ನಡುನಡುವೆ ಫೋನು ನೋಡುವ ಚಾಳಿಯವರು ಎದ್ದು ಹೊರಗೆ ಹೋಗಿರಿ. ಮನುಷ್ಯರು ತಮ್ಮ ಪಡಸಾಲೆಯ ದೀಪವಾರಿಸುವುದಕ್ಕೂ ಸಪ್ತಸಮುದ್ರದಾಚೆಯ ಯಂತ್ರವೊಂದಕ್ಕೆ ಬಿನ್ನವಿಸಿಕೊಳ್ಳುತ್ತಿರುವ ಈ ಪರಮಪರಾವಲಂಬಿ ಕಲಿಯುಗದಲ್ಲಿ, ಮೈಸೂರು ನಗರದ ಬೆಟ್ಟದ ಬುಡದ ಬಡಾವಣೆಯೊಂದರಲ್ಲಿ, ಕೀಲಿಮಣೆತಾಡನಪ್ರಚಂಡನೂ, ಮೀಟಿಂಗ್‌ಮಧ್ಯನಿದ್ರಾವಿಶಾರದನೂ, ಸೋಪಾನಾರೋಹಣಪರಾಙ್ಮುಖನೂ ಆದ ಸಂಪತ್ಕುಮಾರನೆಂಬ ವೀರನು ಮನೆಯಿಂದಲೇ ಕಚೇರಿಯ ಕೆಲಸ ಮಾಡಿಕೊಂಡು ರಾರಾಜಿಸುತ್ತಿದ್ದನು. ಮೂರನೆಯ ಬಿರುದಿನ ಮೇಲೆ ಸ್ವಲ್ಪ ಗಮನವಿರಲಿ. ಮೆಟ್ಟಿಲು ಹತ್ತುವುದೆಂದರೆ ಅವನಿಗೆ ಆಗಿಬರುತ್ತಿರಲಿಲ್ಲ. ಈ ಕಥೆಯ ಸಕಲ ಅನಾಹುತಕ್ಕೂ ಮೂಲ ಅದೇ.

ಆ ವೀರನ ಗೃಹದಲ್ಲಿ ಆಗ ಭಗ್ನಗುಲ್ಫೆಯಾದರೂ ಅಭಗ್ನಪ್ರತಾಪೆಯಾದ ಕೋಮಲವಲ್ಲಿಯಮ್ಮನವರು, ಅಂದರೆ ಅವನ ಅತ್ತೆಯವರು, ಬಿಜಯಂಗೈದಿದ್ದರು. ಬಚ್ಚಲಲ್ಲಿ ಜಾರಿ ಪಾದದ ಕೀಲು ಮುರಿದುಕೊಂಡು, ಮಂಡಿಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು, ಕಿರಿಮಗಳ ಮನೆಯ ಸೋಫಾವನ್ನೇ ಸಿಂಹಾಸನ ಮಾಡಿಕೊಂಡಿದ್ದರು. ಕಾಲು ಮುರಿಯಿತೆಂದು ಬೇಸಿಗೆ ನಿಲ್ಲುತ್ತದೆಯೇ? ಬೇಸಿಗೆ ಬಂದ ಮೇಲೆ ಸಂಡಿಗೆ ಇಡದಿದ್ದರೆ ಆ ಮಹಾತಾಯಿಗೆ ಜೀವ ನಿಲ್ಲುವುದಿಲ್ಲ. ಬಂಧುಬಳಗದಲ್ಲಿ ಯಾರ ಮನೆಯ ಮುಂಜಿ, ಸೀಮಂತ, ಹಬ್ಬವಾದರೂ ಎಲೆಯ ಮೇಲೆ ಬೀಳುವುದು ಆಕೆಯ ಕೈಯ ಅರಳುಸಂಡಿಗೆಯೇ. ಹಾಗಾಗಿ ಸೋಫಾದ ಮೇಲಿಂದಲೇ ಅಪ್ಪಣೆಗಳನ್ನು ಹೊರಡಿಸಿ, ಬೂದುಗುಂಬಳಕಾಯಿ ತುರಿಸಿ, ಅರಳು ಕಲಸಿಸಿ, ಮಗಳು ನಳಿನಿಯ ಕೈಯಿಂದ ತಾರಸಿಯ ಮೇಲೆ ಹಳೆಯ ಪಂಚೆ ಹಾಸಿ ಉಂಡೆಯುಂಡೆಯಾಗಿ ಇಡಿಸಿದ್ದರು. ಇದು ಕೈಕೊಟ್ಟರೆ ಈ ವರ್ಷ ಬಳಗದವರೆಲ್ಲ ಅಂಗಡಿಯ ಸಂಡಿಗೆ ತಿಂದಾರೆಂಬ ಭಯ ಆಕೆಯನ್ನು ಮುರಿದ ಕಾಲಿಗಿಂತ ಹೆಚ್ಚು ಬಾಧಿಸುತ್ತಿತ್ತು.

ಸಂಪತ್ಕುಮಾರನಿಗೆ ಬೇಕಾಗಿದ್ದುದು ಸಂಡಿಗೆಯಲ್ಲ. ಮದುವೆಯಾದ ದಿನದಿಂದ ಇಂದಿನವರೆಗೆ ಅತ್ತೆಯ ಬಾಯಿಂದ ಅವನ ಪಾಲಿಗೆ ಒಂದೇ ಒಂದು ಮೆಚ್ಚುಮಾತು ಬಿದ್ದಿರಲಿಲ್ಲ. ಇದ್ದಬದ್ದ ಮೆಚ್ಚುಗೆಯೆಲ್ಲ ಹಾಸನದ ದೊಡ್ಡಳಿಯ ಪಾರ್ಥಸಾರಥಿಗೆ ಮೀಸಲು. ಆತ ಹೋದ ಬೇಸಿಗೆಯಲ್ಲಿ ಛತ್ರಿ ಬಿಡಿಸಿ, ಕೋಲು ಹಿಡಿದು, ಸ್ಟೂಲಿನ ಮೇಲೆ ಕೂತು, ಒಂದು ಕಾಗೆಯ ನೆರಳೂ ಬೀಳದಂತೆ ಸಂಡಿಗೆ ಕಾದುಕೊಟ್ಟಿದ್ದನಂತೆ. ಆ ಕಥೆಯನ್ನು ಪ್ರತಿದಿನ ಊಟದ ಜೊತೆಗೆ ಕೇಳಿ ಕೇಳಿ ನಮ್ಮ ವೀರನ ಎದೆಯಲ್ಲಿ ಮುಳ್ಳಾಡುತ್ತಿತ್ತು. ನಗಬೇಡಿ, ಅದು ನಿಜವಾದ ನೋವೇ.

ಆ ಶನಿವಾರ ಬೆಳಿಗ್ಗೆ ಶಾಲೆಗೆ ಪಾಠ ಹೇಳಲು ಹೊರಟ ನಳಿನಿ ಚಪ್ಪಲಿ ಮೆಟ್ಟಿಕೊಳ್ಳುತ್ತ, “ರೀ, ಕೋಲು ಮೇಲೇ ಇಟ್ಟಿದೀನಿ. ಲ್ಯಾಪ್‌ಟಾಪ್ ಮುಚ್ಚಿಟ್ಟು ಹೋಗಿ ಕೂತ್ಕೊಳ್ಳಿ. ಕೋತಿ ಬರತ್ತೆ” ಎಂದು ರಣವೀಳ್ಯವನ್ನಿತ್ತು ಹೋದಳು. ಸಂಪತ್ಕುಮಾರನು ಮೆಟ್ಟಿಲುಗಳನ್ನೊಮ್ಮೆ ನೋಡಿದನು, ಲ್ಯಾಪ್‌ಟಾಪನ್ನೊಮ್ಮೆ ನೋಡಿದನು. ತರುವಾಯ ಸೋಫಾದ ಸಮ್ಮುಖದಲ್ಲಿ ಎದೆಸೆಟೆಸಿ ನಿಂತು ಇಂತು ಗರ್ಜಿಸಿದನು: “ಎಲೌ ಪೂಜ್ಯೇ, ಛತ್ರಿಯನ್ನೂ ಕೋಲನ್ನೂ ನೆಚ್ಚಿ ಬಿಸಿಲಲ್ಲಿ ಬೇಯುವುದು ಪಾಮರರ ಪರಿ! ನಾನಾದರೋ ತಾರಸಿಯಲ್ಲಿ ಅನಿಮಿಷನೇತ್ರವೊಂದನ್ನು ಪ್ರತಿಷ್ಠಾಪಿಸಿದ್ದೇನೆ. ಅದು ಕಂಡದ್ದೆಲ್ಲವೂ ಗಗನಮಾರ್ಗವಾಗಿ ಮೇಘಲೋಕವನ್ನೇರಿ, ನಾನು ಕರೆದೊಡನೆ ತಮ್ಮ ಕರತಲದಲ್ಲಿಳಿದು ನರ್ತಿಸುವುದು!”

ಅವನು ನಿಜವಾಗಿ ಅಂದದ್ದು, “ಮೇಲೆ ಕ್ಯಾಮೆರಾ ಹಾಕಿದೀನಿ ಅತ್ತೆ, ಇಲ್ಲೇ ಫೋನಲ್ಲಿ ತೋರಿಸ್ತೀನಿ. ಸುಮ್ನೆ ಯಾಕೆ ಹತ್ತೋದು ಇಳಿಯೋದು” ಎಂದು. ಅಷ್ಟು ಪಾಲಿಶ್ ಹಾಕುವ ಹಕ್ಕು ಕವಿಗಿದೆ.

ಮೇಘಲೋಕವೆಂದರೆ ಮಳೆ ಸುರಿಸುವ ಮೋಡವೆಂದು ಭ್ರಮಿಸಬೇಡಿ. ಜನ ಕ್ಲೌಡ್ ಎನ್ನುವ, ಯಾವುದೋ ದೂರದ ಊರಿನ ತಣ್ಣಗಿನ ಕಟ್ಟಡದಲ್ಲಿ ಸಾಲುಗಟ್ಟಿ ನಿಂತ ಕಂಪ್ಯೂಟರುಗಳು ಅವು. ತಾರಸಿಯ ಸಂಡಿಗೆಯ ಚಿತ್ರ ಅಲ್ಲಿಗೆ ಹೋಗಿ, ಅಲ್ಲಿಂದ ತಾರಸಿಯ ಕೆಳಗಿನ ಸೋಫಾಕ್ಕೆ ಬರಬೇಕಿತ್ತು. ಕ್ಯಾಮೆರಾ ಮಾರಿದವನು, “ಸಾರ್, ಇದಕ್ಕೊಂದು ಆ್ಯಪ್ ಬರತ್ತೆ, ಒತ್ತಿದ್ರೆ ಸಾಕು” ಎಂದಿದ್ದನು. ಒತ್ತಿದರೆ ಸಾಕಾಗುವ ಕೆಲಸ ಯಾವ ವೀರನಿಗೆ ಬೇಕು? ಕಚೇರಿಯಲ್ಲಿ ತಾನು ಹಗಲೂ ಇರುಳೂ ಸೇವಿಸುವ ಆ ಮೇಘಾಧಿಪತಿಯನ್ನೇ ಮನೆಯ ಸಂಡಿಗೆಗೂ ಒಲಿಸಿಕೊಳ್ಳುವೆನೆಂದು ಅವನು ಪಣತೊಟ್ಟಿದ್ದನು.

ಆದರೆ ಆ ಲೋಕದ ರೀತಿನೀತಿಗಳು ಅರಮನೆಯವಕ್ಕಿಂತ ಬಿಗಿ. ಚಿತ್ರ ಕೊಡು ಎಂದರೆ ಚಿತ್ರ ಕೊಡುವುದಿಲ್ಲ, ಚಿತ್ರ ಸಿಗುವ ಜಾಗದ ಲಿಂಕ್, ಅಂದರೆ ಕೊಂಡಿ, ಕೊಡುತ್ತದೆ. ಲಿಂಕ್ ಕೊಡು ಎಂದರೆ ಅದನ್ನು ಯಾವ ಬಾಗಿಲಲ್ಲಿ ಕೇಳಬೇಕೆಂದು ಮೊದಲು ಹೆಬ್ಬಾಗಿಲಲ್ಲಿ ಕೇಳಿಬರಬೇಕು. ಸಂಪತ್ಕುಮಾರನು ಹತ್ತೂ ಬೆರಳುಗಳಿಂದ ಕೀಲಿಮಣೆಯನ್ನು ಪ್ರಹರಿಸುತ್ತ ಹೆಬ್ಬಾಗಿಲನ್ನು ದಾಟಿ, ಒಳಬಾಗಿಲನ್ನು ಸೇರಿ, ತನ್ನ ಕ್ಯಾಮೆರಾದ ನಾಮಧೇಯವನ್ನುಚ್ಚರಿಸಿದನು. “ಎಲವೋ, ಈ ಚಿತ್ರಧಾರೆಯನ್ನು ನೋಡಲು ನಿನಗೆ ಅಧಿಕಾರವಿತ್ತವರಾರು?” ಎಂದು ಬಾಗಿಲು ಕೆಂಪಕ್ಷರದಲ್ಲಿ ಗದರಿಸಿತು. ಅಧಿಕಾರ ಕೊಡಬೇಕಾಗಿದ್ದವನೂ ಸಂಪತ್ಕುಮಾರನೇ. ತನಗೆ ತಾನು ಅನುಮತಿ ಕೊಡಲು ಮರೆತಿದ್ದನು, ಅಷ್ಟೇ.

ಅಷ್ಟರಲ್ಲಿ ಸೋಫಾದಿಂದ ಘೋಷಣೆಯಾಯಿತು. “ಅಳಿಯಂದ್ರೇ, ಒಂಬತ್ತಕ್ಕೆ ರಾಹುಕಾಲ ಶುರು. ಹೊಸಾ ಕೆಲಸ ಏನಿದ್ರೂ ಅದಕ್ಕೆ ಮುಂಚೆ.”

“ಇದೇನು ಮದುವೆ ಮಾತುಕತೆನಾ ಅತ್ತೆ? ಒಂದು ಲಿಂಕು.”

“ಲಿಂಕೋ ಪಿಂಕೋ. ರಾಹುಕಾಲದಲ್ಲಿ ಶುರು ಮಾಡಿದ್ದು ಯಾವುದು ನೆಟ್ಟಗಾಗಿದೆ? ಮುಂಚೇನೇ ತಂದಿಟ್ಟುಬಿಡಿ, ಪರಸ್ಥಾನ ಇಟ್ಟ ಹಾಗೆ. ನನ್ನ ಸ್ತೋತ್ರ ಮುಗಿದ್ಮೇಲೆ ನೋಡೋಣ.”

ಪರಸ್ಥಾನವೆಂದರೆ ಗೊತ್ತಲ್ಲ. ಹೊರಡುವ ಹೊತ್ತು ಕೆಟ್ಟದಾಗಿದ್ದರೆ, ಒಳ್ಳೆಯ ಹೊತ್ತಿನಲ್ಲೇ ಒಂದು ಚೀಲವನ್ನು ಪಕ್ಕದ ಮನೆಯಲ್ಲಿಟ್ಟು ಬಂದರಾಯಿತು. ಪ್ರಯಾಣ ಆಗಲೇ ಶುರುವಾಯಿತೆಂದು ಲೆಕ್ಕ, ಆಮೇಲೆ ಯಾವಾಗ ಹೊರಟರೂ ದೋಷವಿಲ್ಲ. ರಾಹುವಿಗೆ ಇದು ತಿಳಿಯುವುದಿಲ್ಲವೆಂದು ನಮ್ಮ ಹಿರಿಯರ ಗಟ್ಟಿ ನಂಬಿಕೆ. ಸಂಪತ್ಕುಮಾರನು ರಾಹುವನ್ನು ನಂಬದಿದ್ದರೂ ಅತ್ತೆಯನ್ನು ನಂಬುತ್ತಿದ್ದನು. ಆದುದರಿಂದ ತನಗೆ ತಾನೇ ಅನುಮತಿಯನ್ನು ದಯಪಾಲಿಸಿ, ಮರಳಿ ಒಳಬಾಗಿಲಿಗೆ ನುಗ್ಗಿ, ಬೇಕಾದುದು ಹಿಂದಿನ ಚಿತ್ರವಲ್ಲ, ಈ ಕ್ಷಣದ್ದು ಎಂದು ಬರೆದು, ಕೊಂಡಿಯು ಎಷ್ಟು ಹೊತ್ತು ಬಾಳಬೇಕೆಂಬ ಜಾಗವನ್ನು ಅವಸರದಲ್ಲಿ ಖಾಲಿ ಬಿಟ್ಟು, ಒಂಬತ್ತಕ್ಕೆ ಸ್ವಲ್ಪವೇ ಮುಂಚೆ ಆ ದಿವ್ಯಕೊಂಡಿಯನ್ನು ಗೆದ್ದುತಂದನು. ಅದನ್ನು ಫೋನಿನಲ್ಲಿಟ್ಟು, ಫೋನನ್ನು ದೇವರ ಪಟದ ಮುಂದಿಟ್ಟನು. ಅತ್ತೆಯವರು ಸಮಾಧಾನದಿಂದ ಕಣ್ಣುಮುಚ್ಚಿ ಸ್ತೋತ್ರ ಶುರುಮಾಡಿದರು.

ಅಯ್ಯೋ ಅವಿವೇಕವೇ! ಪಕ್ಕದ ಮನೆಯ ಚೀಲ ಎರಡು ದಿನವಾದರೂ ಚೀಲವಾಗಿಯೇ ಇರುತ್ತದೆ. ಮೇಘಲೋಕದ ಕೊಂಡಿ ಹಾಗಲ್ಲ. ಕೊಂಡಿ ಕೇಳಿದವನು ಆಯುಷ್ಯ ಇಷ್ಟೆಂದು ಹೇಳದಿದ್ದರೆ ಐದೇ ನಿಮಿಷ ಬದುಕಿ ಕಣ್ಣುಮುಚ್ಚುತ್ತದೆ. ಕೋಮಲವಲ್ಲಿಯಮ್ಮನವರ ಸ್ತೋತ್ರವಾದರೋ ಸುದೀರ್ಘ. ಅದು ಮುಗಿದು, ಮಂಗಳವಾಗಿ, ಸಂಪತ್ಕುಮಾರನು ಫೋನನ್ನು ಎರಡೂ ಕೈಯಿಂದ ತಂದು ಅತ್ತೆಯ ಮುಂದೆ ಹಿಡಿದಾಗ ಕಂಡದ್ದು ಬರೀ ಕಪ್ಪು.

“ಕಪ್ಪಗಿದೆಯಲ್ಲ? ಸೀದುಹೋಯ್ತಾ ಸಂಡಿಗೆ?”

“ಇಲ್ಲ ಅತ್ತೆ, ಲಿಂಕ್ ಹೋಯ್ತು. ಇನ್ನೊಂದು ತಗೋತೀನಿ, ಒಂದ್ನಿಮಿಷ.”

“ಈಗಲಾ? ರಾಹುಕಾಲದಲ್ಲಿ ಹೊಸದು ಬೇಡ ಅಂದ್ನಲ್ಲ.”

“ಹೊಸದೆಲ್ಲಿ ಅತ್ತೆ? ಅದೇ ಕೆಲಸಾನೇ ಮುಂದುವರಿಸೋದು. ಹಾಲು ಉಕ್ಕಿ ಸ್ಟವ್ ಆರಿಹೋದ್ರೆ ರಾಹುಕಾಲ ಅಂತ ಮತ್ತೆ ಹಚ್ಚದೇ ಇರ್ತೀರಾ?”

ಇಂಥ ಬಾಣ ಆಕೆಯ ಮೇಲೆ ಹಿಂದೆಂದೂ ಬಿದ್ದಿರಲಿಲ್ಲ. ಆಕೆ ಸ್ವಲ್ಪ ಯೋಚಿಸಿ, “ಹಚ್ತೀವಿ. ಆದ್ರೆ ಹಾಲು ಅದೇ ಇರತ್ತಲ್ಲ” ಎಂದರು.

“ಸಂಡಿಗೇನೂ ಅದೇ ಇದೆಯಲ್ಲ!”

ಆಗ ತಲೆಯ ಮೇಲೆ, ತಾರಸಿಯಲ್ಲಿ, ಧಡ್ ಎಂದು ಏನೋ ಬಿದ್ದ ಸದ್ದಾಯಿತು. ಆಮೇಲೆ ಇನ್ನೊಂದು. ಆಮೇಲೆ ನಾಲ್ಕಾರು ಒಟ್ಟಿಗೇ.

“ಏನದು? ಹೋಗಿ ನೋಡ್ಬನ್ನಿ!”

“ನೋಡಕ್ಕೇ ಅಲ್ವಾ ಅತ್ತೆ ಇದನ್ನ ಹಾಕಿರೋದು!”

ಸಭಾಸದರೇ, ಇಲ್ಲಿಂದ ತಾರಸಿಗೆ ಒಂದೇ ಸಾಲು ಮೆಟ್ಟಿಲು. ಮೇಘಲೋಕಕ್ಕೆ ಸಾವಿರಾರು ಮೈಲಿ. ವೀರನು ಯಾವುದನ್ನು ಆರಿಸಿಕೊಂಡನೆಂದು ಬೇರೆ ಹೇಳಬೇಕೇ? ಕೀಲಿಮಣೆ ಕಿಟಕಿಟನೆ ಕಿರುಚಿತು. ಹೆಬ್ಬಾಗಿಲು ತೆರೆಯಿತು, ಒಳಬಾಗಿಲು ತೆರೆಯಿತು. ಈ ಸಲ ಆಯುಷ್ಯವನ್ನೂ ಮರೆಯದೆ ಧಾರಾಳವಾಗಿ ಬರೆದುಕೊಟ್ಟನು. ನೂತನಕೊಂಡಿಯನ್ನೊತ್ತಿದೊಡನೆ, ದಾರಿ ಕಿರಿದಾದರೆ ತಾನೂ ಕಿರಿದಾಗುವ, ದಾರಿ ಹಿರಿದಾದರೆ ತಾನೂ ಹಿರಿದಾಗುವ ಆ ಸಂಕೋಚವಿಕಾಸಶೀಲ ಚಿತ್ರಧಾರೆಯು ಮೇಘದಿಂದ ಇಳಿಯತೊಡಗಿತು. ಮನೆಯ ವೈಫೈ ಮಂಕಾಗಿದ್ದುದರಿಂದ ಮೊದಲು ಬಂದದ್ದು ಕಿರಿದು. ಬೆಳ್ಳನೆಯ ಬಟ್ಟೆಯ ಮೇಲೆ ಕಂದುಬಣ್ಣದ ಮಸುಕು ಉಂಡೆಗಳು ಸಾಲಾಗಿ ಕಂಡವು.

“ನೋಡಿ ಅತ್ತೆ!” ಎಂದು ಸಂಪತ್ಕುಮಾರನು ಹೂಂಕರಿಸಿದನು. “ಒಂದೂ ಅಲ್ಲಾಡಿಲ್ಲ. ಕಾಗೆ ಇಲ್ಲ, ಗೀಗೆ ಇಲ್ಲ. ಎಷ್ಟು ದಪ್ಪದಪ್ಪ ಇಟ್ಟಿದಾಳೆ ನಿಮ್ಮ ಮಗಳು!”

“ಅಷ್ಟು ದಪ್ಪ ಇಡಬೇಡ ಅಂತ ಹೇಳಿದ್ದೆ. ಒಣಗೋದು ಹೇಗೆ?” ಎಂದು ಕೋಮಲವಲ್ಲಿಯಮ್ಮನವರು ಕನ್ನಡಕ ಸರಿಮಾಡಿಕೊಂಡರು.

ದಾರಿ ಹಿರಿದಾಯಿತು. ಚಿತ್ರ ತಿಳಿಯಾಯಿತು. ಮಸುಕು ಉಂಡೆಯೊಂದಕ್ಕೆ ಬಾಲ ಮೂಡಿತು. ಇನ್ನೊಂದಕ್ಕೆ ಕಿವಿ ಮೂಡಿತು. ಮೂರನೆಯದು ತಿರುಗಿ, ಎರಡೂ ಕೆನ್ನೆಗಳನ್ನು ಉಬ್ಬಿಸಿಕೊಂಡು, ಅತ್ತೆಯವರನ್ನೇ ದುರುಗುಟ್ಟಿ ನೋಡಿತು. ಬೆಟ್ಟದ ಸಮಸ್ತ ಶಾಖಾಮೃಗಸೇನೆಯು ಪಂಕ್ತಿಭೋಜನಕ್ಕೆ ಕೂತಿತ್ತು. ಅಷ್ಟು ಸ್ಪಷ್ಟವಾದ ಚಿತ್ರವನ್ನು ಸಂಪತ್ಕುಮಾರನು ಕಚೇರಿಯಲ್ಲೂ ಕಂಡಿರಲಿಲ್ಲ.

“ಕೋತಿ ಅಳಿಯಂದ್ರೇ, ಕೋತಿ!”

ಆಗ ನೋಡಬೇಕಿತ್ತು ಅವನ ರೌದ್ರವನ್ನು! ಫೋನನ್ನು ಅತ್ತೆಯ ಮಡಿಲಿಗೆಸೆದು, ಪಂಚೆಯನ್ನು ಮೇಲಕ್ಕೆ ಕಟ್ಟಿ, ಜನ್ಮವೈರಿಗಳಾದ ಮೆಟ್ಟಿಲುಗಳನ್ನು ಎರಡೆರಡಾಗಿ ತುಳಿಯುತ್ತ ನೆಗೆದನು. ಮೇಲೆ ಏನಾಯಿತೆಂಬುದನ್ನು ಅವನ ಬಾಯಿಂದಲೇ ಕೇಳಿ. ಏಕೆಂದರೆ ಸ್ವಲ್ಪ ಹೊತ್ತಿಗೆಲ್ಲ ಅವನು ಏದುಸಿರು ಬಿಡುತ್ತ ಕೆಳಗಿಳಿದು, ಸೋಫಾದ ಮುಂದೆ ಕೋಲೂರಿ ನಿಂತು, ಹೀಗೆ ಶೌರ್ಯನಿವೇದನೆ ಮಾಡಿದನು: “ಕೇಳೌ ಮಾತೆ! ಶತಶತಸಂಖ್ಯೆಯ ಕಪಿಗಳು ಎನ್ನನ್ನು ಸುತ್ತುವರಿದವು. ಹಲ್ಕಿರಿದು ಮೇಲೆಬಿದ್ದ ಗಡವನನ್ನು ಒಂದೇ ಏಟಿಗೆ ದಿಗಂತಕ್ಕಟ್ಟಿದೆನು. ಉಳಿದವು ಎನ್ನ ದಂಡಭ್ರಮಣವನ್ನು ಕಂಡು ದಿಕ್ಕುಪಾಲಾದವು!” ಈ ಸಲ ಕವಿಯ ಪಾಲಿಶ್ ಬಹಳ ಕಡಿಮೆ, ನಂಬಿ.

ಅತ್ತೆಯವರು ಫೋನನ್ನೇ ನೋಡುತ್ತಿದ್ದರು. ಮೇಘಕ್ಕೆ ತುಂಡುತುಂಡಾಗಿ ಏರಿ, ಮತ್ತೆ ತುಂಡುತುಂಡಾಗಿ ಇಳಿಯುವ ಚಿತ್ರ ತಲುಪುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ನಿಮಿಷ ಹಳತಾಗಿರುತ್ತದೆಂಬುದು ಕ್ಲೌಡ್ ಪಂಡಿತನಿಗೆ ಆ ಗಳಿಗೆಯಲ್ಲಿ ನೆನಪಾಯಿತು. ಅವನು ಮೆಲ್ಲಗೆ ಬಗ್ಗಿ ನೋಡಿದನು.

ಚಿತ್ರದಲ್ಲಿ ಕೋತಿಗಳು ಹೊಟ್ಟೆ ತುಂಬಿಸಿಕೊಂಡು, ಮೈ ಕೆರೆದುಕೊಂಡು, ಒಂದೊಂದಾಗಿ ಗೋಡೆ ಹಾರಿ ಹೋದವು. ಯಾರೂ ಓಡಿಸಿರಲಿಲ್ಲ. ತಾರಸಿ ಖಾಲಿಯಾದ ಮೇಲೆ ಪಂಚೆ ಎತ್ತಿಕಟ್ಟಿದ, ಸ್ವಲ್ಪ ಹೊಟ್ಟೆ ಬಂದ ಒಬ್ಬ ಮನುಷ್ಯ ಬಂದನು. ಕೋಲು ತೆಗೆದುಕೊಂಡು ಗಾಳಿಗೆ ನಾಲ್ಕು ಬೀಸಿದನು. ಹುಷ್ ಹುಷ್ ಎಂದು ಬಾಯಿ ಮಾಡಿದನು. ಅತ್ತ ಇತ್ತ ನೋಡಿದನು. ಆಮೇಲೆ ಬಗ್ಗಿ, ಬಟ್ಟೆಯ ಮೂಲೆಯಲ್ಲಿ ಉಳಿದಿದ್ದ ಒಂದೇ ಒಂದು ಹಸಿ ಸಂಡಿಗೆಯನ್ನು ಎತ್ತಿ ಬಾಯಿಗೆ ಹಾಕಿಕೊಂಡು ಚಪ್ಪರಿಸಿದನು.

ಸಂಪತ್ಕುಮಾರನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೋಲನ್ನು ಬಾಗಿಲ ಹಿಂದಕ್ಕೆ ಸರಿಸಿ, ತಲೆ ತಗ್ಗಿಸಿ ನಿಂತನು. ಕೋಮಲವಲ್ಲಿಯಮ್ಮನವರು ಫೋನನ್ನು ಪಕ್ಕಕ್ಕಿಟ್ಟರು.

“ಉಪ್ಪು ಹೇಗಿತ್ತು?” ಎಂದರು.

“ಅತ್ತೆ?”

“ತಿಂದ್ರಲ್ಲ. ಉಪ್ಪು ಹೇಗಿತ್ತು ಅಂತ ಕೇಳ್ದೆ.”

ಸುಳ್ಳು ಹೇಳಲು ಇನ್ನು ಅವನಲ್ಲಿ ತ್ರಾಣವಿರಲಿಲ್ಲ. “ಕಮ್ಮಿ ಅತ್ತೆ. ಸಪ್ಪೆ ಸಪ್ಪೆ. ಕರಿದ್ರೂ ರುಚಿ ಬರ್ತಿರ್ಲಿಲ್ಲ.”

“ನಂಗೂ ನಿನ್ನೆಯಿಂದ ಅದೇ ಅನುಮಾನ. ವಯಸ್ಸಾಯ್ತು, ಕೈಯಳತೆ ತಪ್ತಿದೆ” ಎಂದು ಆಕೆ ನಿಟ್ಟುಸಿರು ಬಿಟ್ಟರು. “ಹೋದ ವರ್ಷದ್ದೂ ಸಪ್ಪೆ ಇತ್ತು. ಕೇಳಿದ್ರೆ ಎಲ್ರೂ ಚೆನ್ನಾಗಿದೆ, ಚೆನ್ನಾಗಿದೆ ಅಂದ್ರು. ಒಬ್ರಾದ್ರೂ ನಿಜ ಹೇಳ್ಲಿಲ್ಲ. ನೀವು ಹೇಳಿದ್ರಿ, ಒಳ್ಳೇದಾಯ್ತು.”

ಇದೇ ಆ ಮಾತು. ವರ್ಷಗಟ್ಟಲೆ ಕಾದು, ಮೇಘಲೋಕದವರೆಗೆ ದಂಡೆತ್ತಿ ಹೋಗಿ, ಕಪಿಸೇನೆಯೊಡನೆ ಕಾದದೆಯೇ ಸೋತು ಅವನು ಗೆದ್ದುಕೊಂಡ ಮೆಚ್ಚುಮಾತು ಇಷ್ಟೇ. ಅದೂ ಒಂದು ಚಿಟಿಕೆ ಉಪ್ಪಿನ ವಿಷಯಕ್ಕೆ. ಆದರೂ ಆ ಮಹಾವೀರನ ಕಣ್ಣಂಚು ಒದ್ದೆಯಾಯಿತೆಂಬುದನ್ನು ಮುಚ್ಚಿಡಲಾರೆ.

“ನಿಂತ್ಕೊಂಡು ಏನ್ ಮಾಡ್ತಿದೀರಿ? ಇನ್ನೊಂದು ಬೂದುಗುಂಬಳಕಾಯಿ ತನ್ನಿ. ಬಲಿತಿರೋದು ನೋಡಿ ತಗೊಳ್ಳಿ” ಎಂದರು ಅತ್ತೆ.

ಸಂಪತ್ಕುಮಾರನು ಪಂಚೆ ಇಳಿಬಿಟ್ಟು, ಮೊಳೆಗೆ ನೇತುಹಾಕಿದ್ದ ಬಟ್ಟೆಚೀಲ ತೆಗೆದುಕೊಂಡು, ತರಕಾರಿ ಅಂಗಡಿಗೆ ಹೋದನು.