ಎಡ ಹಿಂಬದಿಯ ಮೂಲೆ

ಶಿಸ್ತಿನ ಮನುಷ್ಯರಿಗೆ ಒಂದು ದೊಡ್ಡ ಅನುಕೂಲವಿದೆ. ಏನಾದರೂ ಕೆಟ್ಟರೆ, ಕೆಡಿಸಿದವರು ತಾವಲ್ಲ ಎಂಬುದು ಅವರಿಗೆ ಮೊದಲೇ ಗೊತ್ತಿರುತ್ತದೆ. ಹುಡುಕಾಟದ ಅರ್ಧ ಭಾರ ಅಲ್ಲಿಗೇ ಇಳಿಯುತ್ತದೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮೀರಿ ಯಂತ್ರಗಳ ಮೇಂಟೆನೆನ್ಸ್ ನೋಡಿಕೊಂಡವನು ನಾನು. ನಿವೃತ್ತಿಯ ದಿನ ಗೋಡೆ ಗಡಿಯಾರವೊಂದನ್ನು ಉಡುಗೊರೆ ಕೊಟ್ಟರು. ಅದು ಎರಡು ನಿಮಿಷ ಮುಂದಿತ್ತು. ಅದನ್ನು ಸರಿಮಾಡಿದ ಮೇಲೆಯೇ ಭಾಷಣಕ್ಕೆ ನಿಂತೆ. ಇಂಥವನ ಮನೆಯ ಕಾರು ಪ್ರತಿದಿನ ಬೆಳಿಗ್ಗೆ ಒಂದು ಕಡೆ ವಾಲಿಕೊಂಡು ನಿಂತರೆ ಹೇಗಿರಬೇಡ?

ಕಾರು ಎಂದರೆ ಸಣ್ಣದಲ್ಲ, ಎತ್ತರದ ಎಸ್‌ಯುವಿ, ಸೆಕೆಂಡ್ ಹ್ಯಾಂಡ್. ಅದರ ನಾಲ್ಕು ಮೂಲೆಗೂ ಸ್ಪ್ರಿಂಗಿನ ಬದಲು ರಬ್ಬರಿನ ಗಾಳಿಚೀಲಗಳು. ಒಂದು ಗುಂಡಿ ಒತ್ತಿದರೆ ಗಾಳಿ ಬಿಟ್ಟು ತಗ್ಗುತ್ತದೆ, ಇನ್ನೊಂದು ಒತ್ತಿದರೆ ಕಂಪ್ರೆಸರ್ ಗುರುಗುಟ್ಟಿ ಮೇಲೇಳುತ್ತದೆ. ನನ್ನ ಹೆಂಡತಿ ಸರೋಜಳ ಮೊಣಕಾಲಿಗೆ ಎತ್ತರ ಹತ್ತುವುದು ಕಷ್ಟ. ಅವಳಿಗಾಗಿ ಬಗ್ಗುವ ಕಾರು ಸಿಕ್ಕಿತಲ್ಲ ಎಂದು ಹಿಗ್ಗಿ ಕೊಂಡಿದ್ದೆ. ತಂದ ಎರಡೇ ವಾರದಲ್ಲಿ ಎಡ ಹಿಂಬದಿಯ ಮೂಲೆ ರಾತ್ರಿ ಕಳೆಯುವುದರೊಳಗೆ ಕುಸಿಯತೊಡಗಿತು. ಕಾಲು ಚಾಚಲು ಅನುಕೂಲವೆಂದು ಸರೋಜ ಕೂರುತ್ತಿದ್ದುದೂ ಅದೇ ಮೂಲೆಯಲ್ಲಿ. ನಾವಿರುವುದು ಮಾಕಳಿಯಲ್ಲಿ, ಎದುರಿನ ಸಾಲುಮನೆಗಳ ಹೆಂಗಸರು ನಲ್ಲಿಯ ಬಳಿ ಇದನ್ನು ಗಮನಿಸಿದರು. ಒಬ್ಬಾಕೆ ಬಹಳ ಕಕ್ಕುಲಾತಿಯಿಂದ ಕೇಳಿಯೂ ಬಿಟ್ಟಳಂತೆ: "ಅಕ್ಕಾ, ನೀವು ಕೂರೋ ಕಡೇನೇ ಕೆಳಗೆ ಹೋಗೋದಲ್ವಾ?"

ಸರೋಜ ಅಂದೇ ತೀರ್ಮಾನ ಹೇಳಿದಳು. "ರೀ, ಈ ಭಾನುವಾರದೊಳಗೆ ಅದು ನೆಟ್ಟಗೆ ನಿಲ್ಲಬೇಕು. ಇಲ್ಲಾಂದ್ರೆ ಮಾರ್ಬಿಡಿ. ನಾನು ಆಟೋದಲ್ಲಿ ಹೋಗ್ತೀನಿ." ಸರ್ಜಾಪುರದ ಗಿರಾಕಿಯೊಬ್ಬರು ಭಾನುವಾರ ಫೋನ್ ಮಾಡುವುದೆಂದೂ ನಿಗದಿಯಾಯಿತು. ಅದನ್ನು ಅವಳೇ ತಂಗಿಯ ಕಡೆಯಿಂದ ಏರ್ಪಡಿಸಿದ್ದಳು.

ಆರು ದಿನ ನನ್ನ ಕೈಯಲ್ಲಿತ್ತು. ಬೆಳಿಗ್ಗೆ ಐದೂವರೆಗೆ ಸ್ಟೀಲ್ ಸ್ಕೇಲ್ ಹಿಡಿದು ನಾಲ್ಕೂ ಚಕ್ರಗಳ ಮೇಲಿನ ಎತ್ತರ ಅಳೆದು ನೋಟ್‌ಬುಕ್ಕಿನಲ್ಲಿ ಬರೆದೆ. ಸೋಪುನೀರು ಕಲಸಿ, ಗಾಳಿ ಕೊಳವೆಯ ಪ್ರತಿಯೊಂದು ಜಾಯಿಂಟಿಗೂ ಬ್ರಷ್ಷಿನಿಂದ ಹಚ್ಚಿ, ಗಡಿಯಾರ ನೋಡುತ್ತ ಒಂದೊಂದಕ್ಕೂ ಸರಿಯಾಗಿ ಒಂದು ನಿಮಿಷ ಕೊಟ್ಟೆ. ಗುಳ್ಳೆ ಏಳಲಿಲ್ಲ. ಪಕ್ಕದ ಮನೆಯ ಮುನಿರಾಜಣ್ಣ ಬೆನ್ನ ಹಿಂದೆ ಕೈಕಟ್ಟಿ ನಿಂತು ನೋಡುತ್ತಿದ್ದರು. ನಮ್ಮ ಸೈಟು ಒಂದು ಕಾಲದಲ್ಲಿ ಅವರ ರಾಗಿ ಹೊಲ. "ನೀವು ಗಾಡಿ ನಿಲ್ಸೋ ಜಾಗದಾಗೆ ನಮ್ಮಪ್ಪನ ಕಾಲ್ದಲ್ಲಿ ಬಾವಿ ಇತ್ತು ಸಾರ್," ಎಂದರು. "ಮುಚ್ಚಿದ್ರೂ ಬಾವಿ ಬಾವೀನೇ. ಅಂಗೇ ಎಳ್ಕಂತೈತೆ." ನಾನು ನಕ್ಕೆ. ಆದರೂ ಮರುದಿನ ಕಾರನ್ನು ಮೂರು ಅಡಿ ಮುಂದೆ ನಿಲ್ಲಿಸಿದೆ. ಅಲ್ಲಿಯೂ ಕುಸಿಯಿತು. ಬಾವಿ ದೊಡ್ಡದಿದ್ದಿರಬೇಕು ಎಂದರು ಮುನಿರಾಜಣ್ಣ.

ಕೊನೆಗೆ ಪೀಣ್ಯದ ಮೆಕ್ಯಾನಿಕ್ ಬಸವರಾಜರ ಶೆಡ್ಡಿಗೆ ಒಯ್ದೆ. ಗದಗದ ಕಡೆಯವರು, ಮಾತು ಕಡಿಮೆ, ಕೈ ಚುರುಕು. ಸ್ಕ್ಯಾನರ್ ಹಚ್ಚಿದರು, ಕಂಪ್ರೆಸರ್ ನೋಡಿದರು, ಎರಡು ರಾತ್ರಿ ಅಲ್ಲೇ ನಿಲ್ಲಿಸಿಕೊಂಡರು. ಎರಡೂ ಬೆಳಿಗ್ಗೆ ಕಾರು ಪೆರೇಡಿಗೆ ನಿಂತ ಪೊಲೀಸನಂತೆ ನೆಟ್ಟಗಿತ್ತು. ಮನೆಗೆ ತಂದೆ, ಬೆಳಗಾಗುವಷ್ಟರಲ್ಲಿ ಮತ್ತೆ ಕುಸಿದಿತ್ತು. ನಾನೂ ಒಂದು ಕ್ಷಣ ಬಾವಿಯನ್ನು ನಂಬಿದೆನೆಂದು ಈಗ ಒಪ್ಪಿಕೊಳ್ಳುತ್ತೇನೆ. ಬಸವರಾಜರು ಮಾತ್ರ, ಗಾಡಿ ನಿಲ್ಲಿಸಿದ ಮೇಲೆ ಅಲ್ಲಿ ಏನಾಗುತ್ತದೆಂದು ತಾವೇ ಬಂದು ನೋಡುವುದಾಗಿ ಹೇಳಿದರು.

ಶನಿವಾರ ಸಂಜೆ ಬಂದು ಕಟ್ಟೆಯ ಮೇಲೆ ಕುಳಿತು ಸರೋಜ ಕೊಟ್ಟ ಚಹಾ ಕುಡಿಯತೊಡಗಿದರು. ಏಳು ಗಂಟೆಯಾಯಿತು. ನಾನು ನನ್ನ ದೈನಂದಿನ ಸುತ್ತು ಹೊರಟೆ. ನೀರಿನ ಮೋಟರ್ ಸ್ವಿಚ್ ಆರಿಸಿದೆ. ತೋಟದ ನಲ್ಲಿ ಬಿಗಿಮಾಡಿದೆ. ಆಮೇಲೆ ಎಂದಿನಂತೆ ಕಾರಿನ ಬಾನೆಟ್ ಎತ್ತಿ, ಸ್ಪ್ಯಾನರಿನಿಂದ ಬ್ಯಾಟರಿಯ ವೈರು ಕಳಚಿ ಪಕ್ಕಕ್ಕಿಟ್ಟೆ. ಕೆಲಸ ಮುಗಿದ ಮೇಲೆ ಮೇನ್ ಆಫ್ ಮಾಡದೆ ಕಾರ್ಖಾನೆಯಿಂದ ನಾನು ಒಂದು ದಿನವೂ ಹೊರಬಿದ್ದವನಲ್ಲ.

ಬಸವರಾಜರ ಲೋಟ ತುಟಿಯ ಬಳಿಯೇ ನಿಂತಿತು. "ಸಾಹೇಬ್ರ, ದಿನಾ ಹಿಂಗ ಮಾಡ್ತೀರೇನ್ರಿ?"

ಒಂದು ದಿನವೂ ತಪ್ಪಿಸಿಲ್ಲವೆಂದು ಹೆಮ್ಮೆಯಿಂದ ಹೇಳಿದೆ.

"ಈ ಗಾಡಿ ಮಲಗಿದ್ರೂ ನಡುನಡುವ ಎದ್ದು ತನ್ನ ಮೈ ತಾನ ನೋಡ್ಕೊಂತೈತ್ರಿ. ಎಲ್ಲ್ಯರ ಚೂರು ಗಾಳಿ ಇಳಿದಿದ್ರ ತಾನ ತುಂಬ್ಕೊಂತೈತಿ. ನೀವು ದಿನಾ ವೈರು ಕಿತ್ತು ಅದರ ಉಸಿರು ಕಟ್ಟಿ ಮಲಗಸಾಕತ್ತೀರಿ."

ಬಾಗಿಲಲ್ಲಿ ನಿಂತಿದ್ದ ಸರೋಜ ನನ್ನ ಕೈಯಲ್ಲಿದ್ದ ಸ್ಪ್ಯಾನರನ್ನು ನೋಡಿದಳು. ಗಾಳಿ ಇಳಿಯುವುದಾದರೂ ಏಕೆ ಎಂದು ಕೊನೆಯ ಆಸರೆ ಹಿಡಿದೆ. ಅವರು ಎಡ ಹಿಂದಿನ ಜಾಯಿಂಟಿಗೆ ಸೋಪುನೀರು ಹಚ್ಚಿ, ಗಡಿಯಾರ ನೋಡದೆ, ಮಿಕ್ಕ ಚಹಾವನ್ನೆಲ್ಲ ನಿಧಾನವಾಗಿ ಕುಡಿದರು. ಲೋಟ ಬರಿದಾಗುವ ಹೊತ್ತಿಗೆ ಸಾಸಿವೆಯಷ್ಟು ದೊಡ್ಡ ಗುಳ್ಳೆಯೊಂದು ಸಾವಕಾಶವಾಗಿ ಮೂಡಿತು. ಅದಕ್ಕೆ ನಾಲ್ಕು ನಿಮಿಷ ಬೇಕಿತ್ತು. ನಾನು ಒಂದೇ ನಿಮಿಷ ಮಂಜೂರು ಮಾಡಿದ್ದೆ. ಒಳಗಿನ ರಬ್ಬರ್ ಉಂಗುರ ಬದಲಿಸಿ, ಬ್ಯಾಟರಿಯ ವೈರನ್ನು ತಾವೇ ಮತ್ತೆ ಜೋಡಿಸಿ, ಹೋಗುವಾಗ ನನ್ನ ಸ್ಪ್ಯಾನರನ್ನು ಸರೋಜಳ ಕೈಗೆ ಕೊಟ್ಟು ಹೋದರು.

ಭಾನುವಾರ ಬೆಳಿಗ್ಗೆ ನಾಲ್ಕೂ ಮೂಲೆ ಒಂದೇ ಮಟ್ಟದಲ್ಲಿದ್ದವು. ಸರೋಜ ನಲ್ಲಿಯ ಬಳಿ ನೆರೆದವರಿಗೆ ಕಾಣುವಂತೆ ಕಾರಿನಲ್ಲಿ ಸುಮ್ಮನೆ ಹತ್ತು ನಿಮಿಷ ಕುಳಿತು ಇಳಿದು ಬಂದಳು. ಅಷ್ಟರಲ್ಲಿ ಸರ್ಜಾಪುರದ ಗಿರಾಕಿಯ ಫೋನ್ ಬಂತು. ಗಾಡಿಗೆ ಏನು ತೊಂದರೆಯಿತ್ತೆಂದು ಕೇಳಿದರಂತೆ.

"ಗಾಡೀಲಿ ಏನೂ ತೊಂದರೆ ಇಲ್ಲಣ್ಣ, ಇದ್ದದ್ದೆಲ್ಲ ಮಾಲೀಕರಲ್ಲೇ," ಎಂದಳು ಸರೋಜ. "ಅವರನ್ನ ಯಾರೂ ತಗೊಳ್ಳಲ್ಲ. ಅದಕ್ಕೇ ಗಾಡೀನೂ ಕೊಡ್ತಿಲ್ಲ."

ಒಳಗಿನಿಂದ ಪ್ರತಿಭಟಿಸಬೇಕೆಂದುಕೊಂಡೆ. ಆದರೆ ಆ ಹೊತ್ತಿಗೆ ನಾನು ಆರಿಸಿದ್ದ ಗ್ಯಾಸ್ ನಿಜವಾಗಿಯೂ ಆರಿದೆಯೇ ಎಂದು ಎರಡನೇ ಬಾರಿ ನೋಡುತ್ತಿದ್ದೆ. ಒಲೆಯ ಮೇಲಿದ್ದ ಅವಳ ಸಾರು ಇನ್ನೂ ಕುದಿದಿರಲಿಲ್ಲವೆಂಬುದು ಆಗಷ್ಟೇ ನನ್ನ ಗಮನಕ್ಕೆ ಬಂದಿತ್ತು.