ಟಾರು ರಸ್ತೆ ತುಳಿಯದ ದೊಡ್ಡಪ್ಪ

ಎಂಟು ಮೈಲಿ ದೂರದ ಊರಿಗೆ ಹೋಗಲು ಹದಿನಾಲ್ಕು ಮೈಲಿ ಸೈಕಲ್ ತುಳಿಯುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನಮ್ಮಪ್ಪನ ಅಣ್ಣ, ನನ್ನ ದೊಡ್ಡಪ್ಪ. ಪಾಪ, ದಾರಿ ಗೊತ್ತಿರಲಿಲ್ಲವೇನೋ ಅಂದುಕೊಳ್ಳಬೇಡಿ. ಬಂಗಾರಪೇಟೆ ಸೀಮೆಯಲ್ಲಿ ಅವರಷ್ಟು ದಾರಿ ಬಲ್ಲವರು ಇನ್ನೊಬ್ಬರಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ!

ದೊಡ್ಡಪ್ಪ ಇದ್ದದ್ದು ಚಿನ್ನದ ಗಣಿಯ ಮೈಸೂರು ಮೈನ್ಸ್‌ನಲ್ಲಿ. ನಾವಿದ್ದದ್ದು ಬಂಗಾರಪೇಟೆಯ ಮಗ್ಗುಲಿನ ಹಳ್ಳಿಯಲ್ಲಿ. ಎರಡು ಹಸು, ಒಂದಿಷ್ಟು ರಾಗಿ ಹೊಲ, ನಮ್ಮ ಸಂಸಾರ ಅಷ್ಟೆ. ಇವೆರಡರ ನಡುವೆ ಅಂಗೈಯಷ್ಟು ನುಣುಪಾದ ಟಾರು ರಸ್ತೆ ಇತ್ತು. ಪ್ರತಿ ಭಾನುವಾರ ತಮ್ಮನ ಮನೆಗೆ ಬರುತ್ತಿದ್ದ ದೊಡ್ಡಪ್ಪ ಆ ರಸ್ತೆಗೆ ಚಕ್ರ ತಾಗಿಸಿದವರಲ್ಲ. ಟಾರಿಗೂ ಅವರಿಗೂ ಎಣ್ಣೆ ಸೀಗೇಕಾಯಿ. ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಮಣ್ಣಿನ ಸೈನೈಡ್ ದಿಬ್ಬಗಳನ್ನು ಬಳಸಿಕೊಂಡು, ಗುಡ್ಡ ಹತ್ತಿ, ಕಾಡಿನೊಳಗೆ ಸೌದೆ ಗಾಡಿಗಳು ಎಂದೋ ತುಳಿದು ಬಿಟ್ಟಿದ್ದ ಗರಸು ದಾರಿ ಹಿಡಿದು, ಬೂದಿಕೋಟೆ ಕಡೆಯಿಂದ ಸುತ್ತಿ ಬಂದು ನಮ್ಮ ಹಿತ್ತಿಲಲ್ಲಿ ಇಳಿಯುತ್ತಿದ್ದರು. ಮುಂಬಾಗಿಲಿಗೆ ಬರಬೇಕಾದರೆ ಟಾರು ರಸ್ತೆ ದಾಟಬೇಕಲ್ಲ, ಅದಕ್ಕೆ ಹಿತ್ತಿಲು!

"ಯಾಕಣ್ಣಾ ಈ ಕಷ್ಟ? ಎಲ್ಲರಂಗೆ ರೋಡಲ್ಲಿ ಬರಬಾರದಾ?" ಅಂತ ಅಪ್ಪ ಕೇಳುತ್ತಿದ್ದರು.

"ರೋಡಲ್ಲಿ ಲಾರಿ ಬತ್ತದೆ ಕಣ್ಲಾ. ನನ್ ದಾರೀಲಿ ಲಾರಿ ಇಲ್ಲ, ಬಸ್ಸಿಲ್ಲ, ಜನ ಇಲ್ಲ."

"ಅಂಗಡಿ?"

"ಇಲ್ಲ."

"ನೀರು?"

"ಬಂಡೆ ಮ್ಯಾಲೆ ಒಂದು ದೊಣೆ ಐತೆ."

"ಕರಡಿ?"

"ಐತೆ. ಆದ್ರೆ ಬೆಲ್ ಒಡೆದ್ರೆ ಅದು ಪಕ್ಕಕ್ಕೆ ಸರೀತದೆ. ಲಾರಿ ಸರೀತದಾ?"

ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯೇ?

ಗರಸು ಮಾತಾಡುತ್ತದೆ ಎನ್ನುವುದು ದೊಡ್ಡಪ್ಪನ ಇನ್ನೊಂದು ವಾದ. ಚಕ್ರದ ಕೆಳಗೆ ಗರಗರ ಅಂದರೆ ನೆಲ ಗಟ್ಟಿ, ಸರಸರ ಅಂದರೆ ಸಡಿಲ, ಇಳಿದು ತಳ್ಳಿಕೊಂಡು ಹೋಗಬೇಕು. ಟಾರು ಮೂಗಿ, ಏನೂ ಹೇಳುವುದಿಲ್ಲವಂತೆ. ದೊಡ್ಡಮ್ಮ ಹಣೆ ಚಚ್ಚಿಕೊಂಡು, "ಮೂವತ್ತು ವರ್ಷದಿಂದ ನಾನು ಮಾತಾಡ್ತಾವ್ನಿ, ಈವಯ್ಯಂಗೆ ಕೇಳ್ಸಾಕಿಲ್ಲ. ಗರಸು ಮಾತಾಡಿದ್ರೆ ಕೇಳ್ಸ್ತದಂತೆ!" ಎನ್ನುತ್ತಿದ್ದರು. ದೊಡ್ಡಪ್ಪನಿಗೆ ಅದೂ ಕೇಳಿಸುತ್ತಿರಲಿಲ್ಲ.

ಅವರ ಕೆಲಸವನ್ನು ಹೇಳದಿದ್ದರೆ ಮುಂದಿನದು ನಿಮಗೆ ಹುಚ್ಚಾಟವಾಗಿ ಕಂಡೀತು. ಗಣಿಯಲ್ಲಿ ಸಿಡಿಮದ್ದು ಹಾರಿಸಿದ ಮೇಲೆ ಎಲ್ಲರೂ ಒಮ್ಮೆಗೇ ಒಳಗೆ ನುಗ್ಗುವುದಿಲ್ಲ. ಮೊದಲು ಒಬ್ಬ ಉದ್ದನೆಯ ಹಾರೆ ಹಿಡಿದು ಹೋಗುತ್ತಾನೆ. ತಲೆಯ ಮೇಲಿನ ಬಂಡೆಯನ್ನು ಅಡಿ ಅಡಿಗೂ ತಟ್ಟುತ್ತಾನೆ. ಠಣ್ ಅಂದರೆ ಬಂಡೆ ಗಟ್ಟಿ. ಬೊದ್ದ್ ಅಂದರೆ ಸಡಿಲ, ಅದನ್ನು ಮೀಟಿ ಕೆಡವಬೇಕು. ಅವನು ಕೂಗಿ ಹೇಳಿದ ಮೇಲೆಯೇ ಹಿಂದಿನವರು ಕಾಲಿಡುವುದು. ಆ ಮೊದಲ ಮನುಷ್ಯ ನಮ್ಮ ದೊಡ್ಡಪ್ಪ. ಗಣಿಯೊಳಗೆ ಇದು ಬಹಳ ದೊಡ್ಡ ಕೆಲಸ. ಗಣಿಯ ಹೊರಗೆ ಇದರಿಂದ ಆಗುತ್ತಿದ್ದ ಮಾನಭಂಗ ಮಾತ್ರ ಅಷ್ಟಿಷ್ಟಲ್ಲ!

ಯಾರ ಮನೆಗೆ ಹೋದರೂ ದೊಡ್ಡಪ್ಪ ಮೊದಲು ನೋಡುತ್ತಿದ್ದದ್ದು ಮನೆಯವರ ಮುಖವನ್ನಲ್ಲ, ಸೂರನ್ನು. ಒಮ್ಮೆ ನನ್ನ ಅತ್ತೆಗೆ, ಅಂದರೆ ಅಪ್ಪನ ಕೊನೇ ತಂಗಿಗೆ, ಗಂಡು ನೋಡಲು ಬೇತಮಂಗಲಕ್ಕೆ ಹೋಗಿದ್ದೆವು. ಒಳ್ಳೆ ಸಂಬಂಧ. ಗಂಡಿನ ತಂದೆ ಜರಿ ಪಂಚೆ ಉಟ್ಟು ಪಡಸಾಲೆಯ ನಡುವೆ ಕೂತಿದ್ದರು. ಚಾಪೆ ಹಾಸಿದರು, ಎಲೆ ಅಡಿಕೆ ತಟ್ಟೆ ಬಂತು, ಎಲ್ಲರೂ ಕೂತೆವು. ದೊಡ್ಡಪ್ಪ ಕೂರಲಿಲ್ಲ. ಕೊಡೆ ಎತ್ತಿ ತೊಲೆಯನ್ನು ಈ ತುದಿಯಿಂದ ಆ ತುದಿಯವರೆಗೂ ತಟ್ಟುತ್ತಾ ಹೋಗಿ, ಬೀಗರಾಗಬೇಕಾದವರ ನೆತ್ತಿಯ ನೇರಕ್ಕೆ ಬಂದು ನಿಂತು, "ಯಜಮಾನ್ರೇ, ಆ ಕಡೀಕೆ ಸರೀರಿ. ಇಲ್ಲಿ ಬೊದ್ದು ಸದ್ದು ಬತ್ತದೆ" ಅಂದರು.

ಯಜಮಾನರು ಸರಿಯಲಿಲ್ಲ. ಸಂಬಂಧ ಸರಿಯಿತು!

ಆ ಮನೆ ಕಲ್ಲುಗುಂಡಿನಂತೆ ನಿಂತೇ ಇತ್ತು. ವರ್ಷ ಕಳೆದ ಮೇಲೆ ಅಪ್ಪ ಹಲ್ಲು ಕಡಿಯುತ್ತಾ, "ಎಲ್ಲಣ್ಣಾ ಬಿತ್ತು?" ಅಂತ ಕೇಳಿದರೆ ದೊಡ್ಡಪ್ಪ ತಣ್ಣಗೆ, "ನಾನು ಏಳಿದ ಮ್ಯಾಕೆ ಅವರು ಉಸಾರಾದ್ರು ಕಣ್ಲಾ. ಅದಕ್ಕೇ ಬೀಳ್ಲಿಲ್ಲ" ಅಂದರು. ಅತ್ತೆಗೆ ಮುಂದೆ ಬೇರೆ ಕಡೆ ಮದುವೆಯಾಯಿತು. ಆ ಸಲ ಗಂಡು ನೋಡಲು ಭಾನುವಾರ ಬಿಟ್ಟು ಬುಧವಾರ ಹೋಗಿ ಬಂದರು.

ಇಷ್ಟೆಲ್ಲ ನಕ್ಕಿದ್ದ ನನಗೇ ದೊಡ್ಡಪ್ಪನ ದಾರಿ ಬೇಕಾಗಿ ಬಂತು ನೋಡಿ! ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ನನಗೆ ಮೇಷ್ಟರ ಕೆಲಸ ಸಿಕ್ಕಿತು. ನಮ್ಮ ವಂಶದಲ್ಲಿ ಸಹಿ ಹಾಕಿ ಸಂಬಳ ತೆಗೆದುಕೊಂಡ ಮೊದಲ ಹೆಣ್ಣು ನಾನು. ಆದರೆ ಶಾಲೆ ಇದ್ದದ್ದು ಗುಡ್ಡದ ಹಿಂದಿನ ಹಳ್ಳಿಯಲ್ಲಿ. ಬೂದಿಕೋಟೆ ಬಸ್ಸಿನಲ್ಲಿ ಹೋಗಿ, ಅರ್ಧದಲ್ಲಿಳಿದು, ಮೂರು ಮೈಲಿ ನಡೆದು ನಾನು ಶಾಲೆ ಸೇರುವ ಹೊತ್ತಿಗೆ ಪ್ರಾರ್ಥನೆ ಮುಗಿದು, ಮಗ್ಗಿ ಮುಗಿದು, ಮಕ್ಕಳನ್ನು ನೀರು ಕುಡಿಯಲು ಬಿಟ್ಟಿರುತ್ತಿದ್ದರು. ಒಂಟಿ ಹೆಣ್ಣಿಗೆ ಆ ಊರಿನಲ್ಲಿ ಮನೆ ಕೊಡುವವರೂ ಇರಲಿಲ್ಲ. ಹೆಡ್ಮೇಷ್ಟ್ರು ಒಳ್ಳೆಯವರು, ಬೇಸರದಿಂದಲೇ ಹೇಳಿದರು: "ನೋಡಮ್ಮಾ, ಇನ್ನೊಂದು ತಿಂಗಳು ಇಂಗೇ ಲೇಟಾದ್ರೆ ನಾನು ಮೇಲಕ್ಕೆ ಬರೀಲೇಬೇಕು."

ಮನೆಯಲ್ಲಿ ಬಾಯಿ ಬಿಟ್ಟೆ. ಸೈಕಲ್ ಕಲಿಯುತ್ತೇನೆ ಅಂದೆ. ಅಪ್ಪ ಹೌಹಾರಿದರು. "ಸೀರೆ ಉಟ್ಕೊಂಡು ಪೇಟೆ ಮಧ್ಯ ಸೈಕಲ್ ತುಳ್ಕೊಂಡು ಓಗ್ತೀಯಾ? ನಾಳೆ ಯಾವನು ನಿನ್ನ ಮದ್ವೆ ಆಗ್ತಾನೆ? ಬಿಟ್ಬಿಡು ಆ ಕೆಲ್ಸ!"

ಮೂಲೆಯಲ್ಲಿ ಮುದ್ದೆ ಮುರಿಯುತ್ತಿದ್ದ ದೊಡ್ಡಪ್ಪ ತಲೆ ಎತ್ತದೆ, "ಪೇಟೆ ಮಧ್ಯ ಯಾಕೆ ಓಗ್ಬೇಕು? ನನ್ ದಾರಿ ಐತಲ್ಲ. ಅಲ್ಲಿ ನೋಡಾಕೆ ಯಾವ ಕಣ್ಣಿದ್ದಾವು?" ಅಂದರು.

ಅಪ್ಪ ಎದ್ದು ಹಸುಗಳಿಗೆ ಹುಲ್ಲು ಹಾಕಲು ಹೋದರು. ಅಪ್ಪ ಎದ್ದು ಹೋದರೆ ಒಪ್ಪಿದ ಹಾಗೆ ಅಂತ ನಾನೇ ತೀರ್ಮಾನಿಸಿಬಿಟ್ಟೆ.

ಮುಂದಿನ ಭಾನುವಾರ ದೊಡ್ಡಪ್ಪ ನನಗೊಂದು ಸೈಕಲ್ ತಂದರು. ಅದು ಅವರದೇ ವಿಲಾಯಿತಿ ಸೈಕಲ್, ದೊಡ್ಡಮ್ಮನೂ ಮುಟ್ಟದಂತೆ ಕಾದಿಟ್ಟದ್ದು. ಅದರ ಮೇಲಿನ ಕಂಬಿ ಕೊಯ್ಯಿಸಿ, ಸೀರೆಗೆ ಅಡ್ಡ ಬಾರದಂತೆ ಕೆಳಗೆ ಬೆಸುಗೆ ಹಾಕಿಸಿದ್ದರು. ತಮಗೆ ಎಲ್ಲಿಂದಲೋ ಒಂದು ಕಿರುಗುಟ್ಟುವ ಹಳೇ ಸೈಕಲ್ ಹೊಂಚಿಕೊಂಡಿದ್ದರು. ಅದು ಬರುವ ಸದ್ದಿಗೆ ಕರಡಿ ಬೆಲ್ಲಿಗೂ ಕಾಯುತ್ತಿರಲಿಲ್ಲವೆಂದು ಕಾಣುತ್ತದೆ.

ಮೂರು ವಾರ ಗಣಿಗೆ ರಜೆ ಹಾಕಿ ಗುಡ್ಡದ ದಾರಿಯಲ್ಲಿ ಕಲಿಸಿದರು. ನಾನು ಬಿದ್ದೆ. ಮತ್ತೆ ಬಿದ್ದೆ. ಮೊಣಕಾಲು ಕಿತ್ತು ಅಳುತ್ತಾ ಕೂತರೆ ಎಬ್ಬಿಸುವುದು ಬಿಟ್ಟು, ಬಿದ್ದ ಜಾಗವನ್ನು ಹಾರೆಯಿಂದ ತಟ್ಟಿ ನೋಡುತ್ತಿದ್ದರು. "ಬಿದ್ದಿದ್ದು ಒಳ್ಳೇದಾಯ್ತು ಮಗಾ. ಎಲ್ಲಿ ಸಡ್ಲ ಅಂತ ಗೊತ್ತಾಯ್ತು." ಇಂಥ ಗುರು ಯಾರಿಗೆ ಬೇಕು ಹೇಳಿ!

ನಾಲ್ಕನೇ ವಾರ ಹೆಡ್ಮೇಷ್ಟ್ರಿಗಿಂತ ಮೊದಲು ನಾನೇ ಶಾಲೆಯ ಬಾಗಿಲು ತೆಗೆದೆ. ಅಲ್ಲಿಂದ ಎರಡು ವರ್ಷ ನಾನು ಆ ಕಾಡಿನ ಗರಸು ದಾರಿಯ ಮಹಾರಾಣಿ! ತಂಗಾಳಿ, ನವಿಲು, ಕಾರೆ ಹಣ್ಣು, ಎದುರಿಗೆ ಒಂದು ನರಪಿಳ್ಳೆಯಿಲ್ಲ. ಎರಡು ವರ್ಷದಲ್ಲಿ ಒಂದು ದಿನವೂ ತಡವಾಗಲಿಲ್ಲ, ಒಂದು ಪಂಕ್ಚರೂ ಆಗಲಿಲ್ಲ. ಬಂಗಾರಪೇಟೆಯ ಸೈಕಲ್ ಅಂಗಡಿಯ ತಮಿಳಿನವರು, "ಎನ್ನಮ್ಮಾ ಟೀಚರಮ್ಮಾ, ಒಂದ್ ಪಂಚರ್ ಕೂಡ ಇಲ್ಲೆ! ನಮ್ ಹೊಟ್ಟೆ ಮೇಲೆ ಯಾಕಮ್ಮಾ ಹೊಡೀತೀರಾ?" ಎನ್ನುತ್ತಿದ್ದರು. ಎಲ್ಲ ನನ್ನ ತುಳಿತದ ಚಾತುರ್ಯ ಅಂತ ನಾನು ಬೀಗಿದ್ದೇ ಬೀಗಿದ್ದು.

ಅದೇ ಕಾಲದಲ್ಲಿ ದೊಡ್ಡಪ್ಪನ ವಿಚಿತ್ರ ಹೆಚ್ಚಾಯಿತು. ಮೊದಲೆಲ್ಲ ಹತ್ತು ಗಂಟೆಗೆ ಬರುತ್ತಿದ್ದವರು ಈಗ ಮಧ್ಯಾಹ್ನ ಎರಡಾದರೂ ಪತ್ತೆಯಿಲ್ಲ. ಸೈಕಲ್ಲಿಗೆ ಹಾರೆ ಕುಡುಗೋಲು ಕಟ್ಟಿಕೊಂಡು, ಕೈಯೆಲ್ಲ ಗೀರಿಸಿಕೊಂಡು, ತಲೆ ತುಂಬ ಧೂಳು ಮೆತ್ತಿಕೊಂಡು ಬರುತ್ತಿದ್ದರು. "ಎಲ್ಲಿಗೋಗಿದ್ದೆ ಬಾವಾ? ಮುದ್ದೆ ಆರೋಯ್ತು" ಅಂತ ಅಮ್ಮ ಗದರಿದರೆ, "ಗಾಳಿ ತಕ್ಕಂಡು ಬಂದೆ ಕಣಮ್ಮಾ" ಎಂದಷ್ಟೇ ಉತ್ತರ. ಗಾಳಿ ತೆಗೆದುಕೊಳ್ಳಲು ಹಾರೆ ಯಾಕೆ? ವಯಸ್ಸಾಯಿತು, ಅರಳುಮರಳು ಅಂತ ನಾವೆಲ್ಲ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಆಮೇಲೆ ಅವರಿಗೆ ಕೆಮ್ಮು ಹಿಡಿಯಿತು. ಗಣಿಯವರಿಗೆ ಹಿಡಿಯುವ ಕೆಮ್ಮು. ಒಂದು ಭಾನುವಾರ ಬರಲಿಲ್ಲ, ಇನ್ನೊಂದು ಭಾನುವಾರವೂ ಬರಲಿಲ್ಲ. ಮೂರನೇ ವಾರ ನನಗೆ ಮೊದಲ ಪಂಕ್ಚರ್ ಆಯಿತು. ಮಾರನೇ ದಿನ ಎರಡನೆಯದು. ಜಾಲಿ ಮುಳ್ಳು. ದೊಣೆಯ ತಿರುವಿನಲ್ಲಿ ಮಳೆಗೆ ಕಲ್ಲು ಜಾರಿ ದಾರಿಗೆ ಬಿದ್ದಿತ್ತು, ಪೊದೆ ಬಾಗಿ ಮುಖಕ್ಕೆ ಬಡಿಯುತ್ತಿತ್ತು. ಎರಡು ವರ್ಷ ಇಲ್ಲದ ಮುಳ್ಳು ಎಲ್ಲಿಂದ ಬಂತು ಅಂತ ಬೈದುಕೊಳ್ಳುತ್ತಾ ಸೈಕಲ್ ತಳ್ಳುತ್ತಿದ್ದೆ.

ಕುರಿ ಕಾಯುವ ಅಜ್ಜಿಯೊಬ್ಬಳು ಬಂಡೆಯ ಮೇಲಿಂದ ಕೂಗಿದಳು. "ಟೀಚರಮ್ಮಾ, ನಿಮ್ ದೊಡ್ಡಪ್ಪ ಎಲ್ಲಮ್ಮಾ? ಕಾಣ್ಸಾಕೇ ಇಲ್ಲ?"

"ಉಷಾರಿಲ್ಲ ಅಜ್ಜೀ."

"ಅದಕ್ಕೇ ದಾರಿ ಇಂಗಾಗೈತೆ. ಭಾನುವಾರ ಭಾನುವಾರ ಬಂದು, ಬಗ್ಗಿಕೊಂಡು ಒಂದೊಂದು ಮುಳ್ಳೂ ಆರಿಸೋನು. ಗುಡ್ಡದ ಬಂಡೇನೆಲ್ಲ ತಟ್ಟೋನು. ಯಾಕಪ್ಪಾ ಅಂದ್ರೆ, ನನ್ ಇಂದೆ ನಮ್ ಉಡ್ಗಿ ಬತ್ತಾಳೆ ಅನ್ನೋನು."

ನಾನು ಅಲ್ಲೇ ಗರಸಿನ ಮೇಲೆ ಕೂತು ಅತ್ತೆ. ಅವತ್ತು ಶಾಲೆಗೆ ತಡವಾಯಿತು.

ಭಾನುವಾರ ಆ ಹದಿನಾಲ್ಕು ಮೈಲಿ ತುಳಿದು ಮೈಸೂರು ಮೈನ್ಸ್‌ಗೆ ಹೋದೆ. ದೊಡ್ಡಪ್ಪ ಮಂಚದಲ್ಲಿ ಅಂಗಾತ ಮಲಗಿ ಸೂರನ್ನೇ ನೋಡುತ್ತಿದ್ದರು. ಅರ್ಧ ಆಳಾಗಿದ್ದರು. "ಎದ್ದು ತಟ್ಟಾಕೆ ಆಗಾಕಿಲ್ಲವಲ್ಲಾ, ಅದಕ್ಕೇ ಈವಯ್ಯಂಗೆ ನಿದ್ದೆ ಬರಾಕಿಲ್ಲ" ಅಂತ ದೊಡ್ಡಮ್ಮ ಕಣ್ಣೊರೆಸಿಕೊಂಡರು.

"ನನಗೆ ಯಾಕೆ ಏಳ್ಲಿಲ್ಲ ದೊಡ್ಡಪ್ಪ?" ಅಂತ ಕೇಳಿದೆ.

"ಏನ್ ಏಳೋದು ಮಗಾ? ಮುಂದೆ ಓಗೋನು ತಟ್ಟಿ ನೋಡ್ಬೇಕು. ಇಂದೆ ಬರೋರು ನೆಮ್ಮದಿಯಾಗಿ ಬರ್ಬೇಕು. ಅದು ಕೆಲ್ಸ."

ಬಾಗಿಲ ಮೂಲೆಯಲ್ಲಿದ್ದ ಹಾರೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡೆ. ಮಂಚದ ಮೇಲಿನ ತೊಲೆಯನ್ನು ಈ ತುದಿಯಿಂದ ಆ ತುದಿಯವರೆಗೂ ಅಡಿ ಅಡಿಗೂ ತಟ್ಟಿದೆ. ದೊಡ್ಡಪ್ಪ ಕಣ್ಣು ಮುಚ್ಚಿ, ಒಂದೊಂದು ಸದ್ದನ್ನೂ ಕಿವಿಗೊಟ್ಟು ಕೇಳಿದರು.

"ಎಲ್ಲಾ ಗಟ್ಟಿ ಐತೆ ದೊಡ್ಡಪ್ಪ. ಮಲಕ್ಕೊ" ಅಂದೆ.

ಅವರು ಮಗ್ಗುಲಾಗಿ ಮಲಗಿ ನಿದ್ದೆ ಹೋದರು.