ಜರ್ಮನಿಯಲ್ಲಿ ಸರ್ಕಾರ ಬಿತ್ತು, ಡೈಮಂಡ್ ಬಾರ್‌ನಲ್ಲಿ ಸಂಬಂಧ ಅಲ್ಲಾಡಿತು

ನಾನು ಬಾಯಿ ಬಿಟ್ಟಾಗಲೆಲ್ಲ ಯಾರದೋ ಮನೆಯಲ್ಲಿ ಏನೋ ಒಂದು ಆಗುತ್ತದೆ. ತಪ್ಪು ನನ್ನದಲ್ಲ, ಕೇಳುವವರ ಕಿವಿಯದು. ಈ ಸಲ, ಡಾಲರ್ ದೇಶದ ಡೈಮಂಡ್ ಬಾರ್ ಅನ್ನುವ ನಮ್ಮೂರಲ್ಲಿ, ನಮ್ಮ ಬೀದಿಯ ಉಡುಪಿಯವರ ಮಗಳದ್ದು. ಲಾ ಹೋಯಾದ ಯೂನಿವರ್ಸಿಟಿಯಲ್ಲಿ ಓದುವ ಹುಡುಗಿ, ಜೊತೆಯಲ್ಲೇ ಓದುವ ಜರ್ಮನಿಯವನನ್ನು ಮೆಚ್ಚಿದ್ದಳು. "ಅಮ್ಮನಿಗೆ ನೀವೇ ಮೆಲ್ಲಗೆ ಹೇಳಿ ಆಂಟಿ, ಅವಳು ಬೇಡ ಅಂದರೆ ಮುಗೀತು" ಅಂತ ಅವನನ್ನು ಮೊದಲು ನಮ್ಮ ಮನೆಗೆ ಊಟಕ್ಕೆ ಕರಕೊಂಡು ಬಂದಳು.

ದೀಪ ಹೋದದ್ದು

ಹುಡುಗ ಮೊಸರನ್ನಕ್ಕೆ ಕೈ ಹಾಕಿದವನು ಫೋನ್ ನೋಡಿ, "ಟ್ರಾಫಿಕ್ ಲೈಟ್ ಹೋಯ್ತು!" ಅಂದ. ಸಿಗ್ನಲ್ ಕೆಟ್ಟಿದೆ ಅಂತ ನಾನು ವಾಟ್ಸಾಪ್‌ನಲ್ಲಿ ಹಾಕಿದೆ. ಊಟಕ್ಕೆ ಬರಬೇಕಿದ್ದ ಮೂರು ಕಾರು ಗುಡ್ಡ ಸುತ್ತಿ ಬಂದವು. ಆಮೇಲೆ ತಿಳಿಯಿತು, ಅವನ ದೇಶದಲ್ಲಿ ಕೆಂಪು, ಹಳದಿ, ಹಸಿರು ಬಣ್ಣದ ಮೂರು ಪಕ್ಷ ಸೇರಿ ಆಳುತ್ತಿದ್ದವಂತೆ, ಅದಕ್ಕೇ ಆ ಸರ್ಕಾರಕ್ಕೆ ಟ್ರಾಫಿಕ್ ಲೈಟ್ ಅಂತ ಹೆಸರು. ಬಜೆಟ್ಟಿಗೆ ಜಗಳವಾಗಿ, ನಮ್ಮ ಪ್ರಧಾನಿ ಇದ್ದಂಗೆ ಅಲ್ಲಿರುವ ದೊಡ್ಡವನು ಹಣಕಾಸು ಮಂತ್ರಿಯನ್ನೇ ಆಚೆ ಹಾಕಿದನಂತೆ. ಮೂರು ದೀಪವೂ ಒಟ್ಟಿಗೆ ಹೊತ್ತಿದರೆ ಯಾವ ಗಾಡಿ ತಾನೇ ಮುಂದೆ ಹೋಗುತ್ತದೆ?

ರೆಸಾರ್ಟ್

ಸಮ್ಮಿಶ್ರ ಸರ್ಕಾರ ಬೀಳುವುದು ನಮಗೆ ಹೊಸದೇ? "ಎಂಎಲ್ಎಗಳನ್ನು ಯಾವ ರೆಸಾರ್ಟ್‌ನಲ್ಲಿ ಇಟ್ಟಿದ್ದಾರೆ?" ಅಂತ ಹುಡುಗಿಯ ಕೈಲಿ ಕೇಳಿಸಿದೆ.

"ಅವರವರ ಮನೇಲೇ ಇದ್ದಾರೆ" ಅಂದ.

"ಬಸ್ಸೂ ಇಲ್ಲವಾ?"

"ಬಸ್ ಯಾಕೆ?"

ಪಾಪ, ಸರ್ಕಾರ ಬೀಳಿಸುವುದಕ್ಕೂ ಬರದ ಜನ!

ಫೋನು

ಸಂಜೆ ಹುಡುಗಿಯ ಅಮ್ಮನಿಗೆ ಫೋನ್ ಮಾಡಿದೆ. ಹುಡುಗ ಲಕ್ಷಣವಾಗಿದ್ದಾನೆ, ಮೊಸರನ್ನ ತಿಂತಾನೆ ಅಂತ ಒಳ್ಳೆಯದನ್ನೇ ಹೇಳಿದೆ. ಆಮೇಲೆ ಬಾಯಿ ಸುಮ್ಮನಿರಲಿಲ್ಲ. "ಆದರೆ ಅಲ್ಲಿ ಮೂವರು ಒಟ್ಟಿಗೆ ಇದ್ದರಂತೆ ಕಣೇ, ಮೂರು ವರ್ಷ. ದುಡ್ಡಿನ ಜಗಳಕ್ಕೆ ಒಬ್ಬನನ್ನು ಆಚೆ ಹಾಕಿದರಂತೆ."

"ಎಂತ ಮಾರಾಯ್ರೆ ಇದು!" ಅಂತ ಫೋನ್ ಇಟ್ಟೇಬಿಟ್ಟಳು. ಸರ್ಕಾರ ಅನ್ನುವ ಮಾತಿಗೆ ಬರುವುದರೊಳಗೆ ಇಟ್ಟರೆ ನಾನೇನು ಮಾಡಲಿ?

ವಿಚಾರಣೆ

ಮಾರನೆಯ ದಿನ ಹುಡುಗಿ ಅತ್ತುಕೊಂಡು ಬಂದಳು, ಅಮ್ಮ ಸಂಬಂಧವೇ ಬೇಡ ಅಂದಳಂತೆ. ಭಾನುವಾರ ಹುಡುಗನನ್ನು ಅವರ ಮನೆಗೇ ಕರೆಸಿದೆವು.

"ಆ ಮೂವರ ಕಥೆ ಎಂತದು?" ಅಂತ ಅಮ್ಮ ಇಂಗ್ಲಿಷಿನಲ್ಲೇ ಕೇಳಿದಳು.

ಅವನು ರಾಜಕೀಯದ ಮಾತು ಅಂದುಕೊಂಡ. "ಈಗ ಇಬ್ಬರೇ ಉಳಿದಿದ್ದಾರೆ ಆಂಟಿ. ಚಳಿಗಾಲ ಮುಗಿಯೋದರೊಳಗೆ ಎಲ್ಲರೂ ಓಟು ಹಾಕಿ ಹೊಸಬರನ್ನು ತರ್ತೀವಿ."

"ಎಲ್ಲರೂವಾ!" ಅಂತ ಅಮ್ಮ ಕುರ್ಚಿ ಹಿಡಿದುಕೊಂಡಳು.

ಹುಡುಗಿ ನಗುತ್ತಾ ಎಲ್ಲ ಬಿಡಿಸಿ ಹೇಳಿದಳು. ಅಮ್ಮ ನನ್ನನ್ನು ನೋಡಿದ ನೋಟ ಮಾತ್ರ ಕೇಳಲೇ ಬೇಡಿ. ಆಮೇಲೆ ತಾನೂ ನಕ್ಕು, "ಹುಡುಗ ಪಾಪದವ, ಕಪಟ ಇಲ್ಲ, ಆಗಲಿ" ಅಂದು ಗಂಡನ ಕಡೆ ತಿರುಗಿದಳು. "ನೀವು ಎಂತ ಹೇಳ್ತೀರಿ?"

ಅಷ್ಟು ಹೊತ್ತೂ ಗೋಳಿಬಜೆ ತಿನ್ನುತ್ತಿದ್ದ ಆ ಮನುಷ್ಯ ಕೈ ಒರೆಸಿಕೊಂಡರು. "ಮದುವೆಯಾದಾಗಿನಿಂದ ಈ ಮನೆಯಲ್ಲಿ ನಂದು ಬಾಹ್ಯ ಬೆಂಬಲ ಅಲ್ವಾ? ಮುಂದುವರಿಸ್ತೇನೆ."